ಆಂಪ್ಲಿಫೈಯರ್‌ಗೆ ಬದಲಿ ಟ್ರಾನ್ಸ್‌ಫಾರ್ಮರ್: ವೋಲ್ಟ್ ಏರಬಾರದು, ಕಬ್ಬಿಣ ಇಳಿಯಬಾರದು

ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ತಾನಾಗಿ ಸುಡುವುದು ಅಪರೂಪ. ಔಟ್‌ಪುಟ್ ಟ್ರಾನ್ಸಿಸ್ಟರೋ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳ ಗುಂಪು) ಡಯೋಡೋ ಶಾರ್ಟ್ ಆಗಿರುತ್ತದೆ, ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ತಂತಿ ಸುತ್ತಿಟ್ಟಿರುತ್ತಾರೆ. ಅದನ್ನು ಸರಿಪಡಿಸದೆ ಹೊಸದನ್ನು ಕೂರಿಸಿದರೆ ಅದೂ ಹೋಗುತ್ತದೆ. ಹಾಗಾಗಿ ಮೊದಲು ಸೆಕೆಂಡರಿ (ಬೋರ್ಡಿಗೆ ಕರೆಂಟ್ ಕೊಡುವ ಸುರುಳಿ) ತಂತಿಗಳನ್ನೆಲ್ಲ ಬೋರ್ಡಿನಿಂದ ಬಿಡಿಸಿ, 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿಟ್ಟು ಪ್ರೈಮರಿಗೆ (ಮನೆಯ ಕರೆಂಟ್ ಸೇರುವ ಸುರುಳಿಗೆ) ಕರೆಂಟ್ ಕೊಡಿ. ಬಲ್ಬು ಜೋರಾಗಿ ಉರಿದರೆ ಒಳಗೆ ಸುತ್ತುಗಳು ಶಾರ್ಟ್. ಉರಿಯದೆ, ಸೆಕೆಂಡರಿಯಲ್ಲೂ ಏನೂ ಬರದಿದ್ದರೆ ಪ್ರೈಮರಿ ಓಪನ್. ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಹೊರಪದರದ ಕಾಗದದಡಿ ಇರುವ ಥರ್ಮಲ್ ಫ್ಯೂಸ್ ಮಾತ್ರ ಹೋಗಿರುತ್ತದೆ, ಅಷ್ಟಕ್ಕೇ ಬಚಾವ್. ಆದರೆ ಅದೇ ತಾಪದ ರೇಟಿಂಗ್‌ನ ಫ್ಯೂಸನ್ನೇ ಹಾಕಿ, ತಂತಿಯಿಂದ ಜೋಡಿಸಬೇಡಿ.

ಹಳೆಯದರ ಮೇಲೆ ಚೀಟಿ ಇಲ್ಲದಿದ್ದರೆ ವೋಲ್ಟೇಜನ್ನು ಬೋರ್ಡೇ ಹೇಳುತ್ತದೆ. ಫಿಲ್ಟರ್ ಕೆಪಾಸಿಟರ್ 35 ವೋಲ್ಟಿನದಾದರೆ ರೈಲು (ಬ್ರಿಜ್ ದಾಟಿ ಬೋರ್ಡಿಗೆ ಸಿಗುವ ಡಿಸಿ ವೋಲ್ಟೇಜ್) ಅದಕ್ಕಿಂತ ಸಾಕಷ್ಟು ಕೆಳಗಿತ್ತು ಎಂದರ್ಥ. ಐಸಿ ಇದ್ದರೆ ಅದರ ಮಿತಿ ನೋಡಿ: ಟಿಡಿಎ 7294 ಕೆಲಸ ಮಾಡುವ ಗರಿಷ್ಠ ಸಪ್ಲೈ ±40 ವೋಲ್ಟ್, 4 ಓಮ್ ಸ್ಪೀಕರಿಗೆ ±27 ಸಾಕು.

ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. 24-0-24 (ನಡುತಂತಿಯಿಂದ, ಅಂದರೆ ಸೆಂಟರ್ ಟ್ಯಾಪಿನಿಂದ, ಎರಡೂ ಕಡೆ 24 ವೋಲ್ಟ್ ಎಸಿ) ಎಂದರೆ 24ನ್ನು 1.414ರಿಂದ ಗುಣಿಸಿ, ಡಯೋಡಿನ ಸುಮಾರು 1 ವೋಲ್ಟ್ ಕಳೆದು ±33. ಆದರೆ ಚೀಟಿಯ 24 ಪೂರ್ತಿ ಲೋಡಿನಲ್ಲಿ ಸಿಗುವಂಥದ್ದು. ಹಾಡು ಇಲ್ಲದಾಗ ಶೇ. 8–10 ಹೆಚ್ಚಿರುತ್ತದೆ. ಅದರ ಮೇಲೆ ರಾತ್ರಿ ಮನೆಯ ಕರೆಂಟು 250ಕ್ಕೆ ಏರಿದರೆ ರೈಲು ±39ಕ್ಕೆ ಹೋಗಿ ನಿಲ್ಲುತ್ತದೆ. 35 ವೋಲ್ಟಿನ ಕೆಪಾಸಿಟರ್ ಉಬ್ಬುವುದು ಹೀಗೆ. ಸರಿಯಾದ ವೋಲ್ಟೇಜ್ ಸಿಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. 24ರ ಬದಲು 22 ಹಾಕಿದರೆ ಪವರ್ ಸುಮಾರು ಶೇ. 16 ತಗ್ಗುತ್ತದೆ, ಅಂದರೆ ಒಂದು ಡೆಸಿಬಲ್‌ಗೂ ಕಡಿಮೆ. ಕಿವಿಗೆ ಅದು ಗೊತ್ತೇ ಆಗುವುದಿಲ್ಲ.

ಆಂಪಿಯರ್ ಮಾತ್ರ ಎಷ್ಟು ಹೆಚ್ಚಿದ್ದರೂ ತೊಂದರೆಯಿಲ್ಲ. ಎರಡು ಚಾನೆಲ್, ತಲಾ 50 ವ್ಯಾಟ್ ಇರುವ ಮಾಮೂಲಿ ಆಂಪ್ಲಿಫೈಯರಿಗೆ 160 ವಿಎ (ವೋಲ್ಟ್ × ಆಂಪಿಯರ್) ಧಾರಾಳ. ಆದರೆ ಬೆಂಗಳೂರಿನ ಎಸ್.ಪಿ. ರೋಡಾಗಲಿ ಬೇರೆಲ್ಲಾಗಲಿ, ಚೀಟಿಯಲ್ಲಿ ಬರೆದ ಆಂಪಿಯರನ್ನು ಹಾಗೇ ನಂಬಬೇಡಿ. ಒಂದು ಸ್ಕೇಲ್ ಒಯ್ಯಿರಿ. ಇ-ಐ ಕೋರಿನ (E, I ಆಕಾರದ ತಗಡುಗಳ ಕಬ್ಬಿಣದ) ಉದ್ದ ಬದಿಯ ಮೂರನೇ ಒಂದು ಭಾಗ ನಡುನಾಲಿಗೆಯ ಅಗಲ. ಅದನ್ನು ತಗಡುಗಳ ಅಟ್ಟಿಯ ದಪ್ಪದಿಂದ ಗುಣಿಸಿ, 1.15ರಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿದರೆ ಸುಮಾರಾಗಿ ವಿಎ. ಉದ್ದ 9.6 ಸೆಂ.ಮೀ., ಅಟ್ಟಿ 3.2 ಸೆಂ.ಮೀ. ಆದರೆ 10.2 ಚ.ಸೆಂ.ಮೀ., ಅಂದರೆ 80 ವಿಎ. ಅದರ ಮೇಲೆ '24-0-24, 5 ಆಂಪ್' ಎಂದು ಬರೆದಿದ್ದರೆ ಅದು 240 ವಿಎ ಎಂಬ ಹಸಿ ಸುಳ್ಳು.

ಸೆಂಟರ್ ಟ್ಯಾಪ್ ಇರುವುದನ್ನು ಕೊಳ್ಳುವ ಮುನ್ನ ಬೋರ್ಡಿನಲ್ಲಿ ಬ್ರಿಜ್ ಎಷ್ಟಿವೆ ಎಣಿಸಿ. ಎರಡು ಬ್ರಿಜ್ ಇದ್ದರೆ ಒಂದಕ್ಕೊಂದು ತಾಗದ ಎರಡು ಸೆಕೆಂಡರಿ ಬೇಕೇ ಬೇಕು. ಸೆಂಟರ್ ಟ್ಯಾಪ್ ಕೊಟ್ಟರೆ ಡಯೋಡುಗಳ ಮೂಲಕ ಅರ್ಧ ಸುರುಳಿ ಶಾರ್ಟ್ ಆಗುತ್ತದೆ. ತದ್ವಿರುದ್ಧವಾಗಿ, ಎರಡು ಬಿಡಿ ಸುರುಳಿಗಳಿಂದ ಸೆಂಟರ್ ಟ್ಯಾಪ್ ಮಾಡಿಕೊಳ್ಳಬಹುದು: ಒಂದರ ಕೊನೆಗೆ ಇನ್ನೊಂದರ ಆರಂಭ ಸೇರಿಸಿ, ಹೊರತುದಿಗಳ ನಡುವೆ ಅಳೆಯಿರಿ. 48 ಬಂದರೆ ಸರಿ. ಸೊನ್ನೆ ಬಂದರೆ ಒಂದನ್ನು ತಿರುಗಿಸಿ.

ಡಿಸ್‌ಪ್ಲೇ, ರಿಲೇ, ಟೋನ್ ಬೋರ್ಡಿಗೆ ಹಳೆಯದರಲ್ಲಿ ಬೇರೆ ಸುರುಳಿ ಇತ್ತೇ ನೋಡಿ. ಇದ್ದರೆ 12 ವೋಲ್ಟ್, 500 ಮಿಲಿಆಂಪಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ ಹಾಕಿ. 33 ವೋಲ್ಟಿನ ರೈಲಿಗೆ 7812 (12 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ) ಸಿಕ್ಕಿಸುವ ಅಡ್ಡದಾರಿ ಬೇಡ. ಅದರ ಇನ್‌ಪುಟ್ ಮಿತಿಯೇ 35, ಜೊತೆಗೆ 200 ಮಿಲಿಆಂಪಿಗೇ 4 ವ್ಯಾಟ್‌ಗೂ ಹೆಚ್ಚು ಬಿಸಿ.

ಕೊನೆಯ ಪ್ಯಾರಾದಂತೆ ಪರೀಕ್ಷಿಸಿ ಸ್ಪೀಕರ್ ಜೋಡಿಸಿದ ಮೇಲೆ, ಪೂರ್ತಿ ಬಿಗಿಯುವ ಮುನ್ನ, ಬಲ್ಬನ್ನು ಸರಣಿಯಲ್ಲಿಟ್ಟು ಟ್ರಾನ್ಸ್‌ಫಾರ್ಮರನ್ನು ಕೊಂಚ ಕೊಂಚ ತಿರುಗಿಸಿ ಹಮ್ ಎಲ್ಲಿ ಕಡಿಮೆ ಎಂದು ಕೇಳಿನೋಡಿ, ಆದಷ್ಟು ಪ್ರೀಆಂಪಿನಿಂದ ದೂರವಿಡಿ. ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಆದರೆ ನಡುವಿನ ಬೋಲ್ಟಿನ ಮೇಲ್ತುದಿ ಮುಚ್ಚಳಕ್ಕೆ ತಾಗಲೇಬಾರದು. ತಾಗಿದರೆ ಬೋಲ್ಟು, ಚಾಸಿ, ಮುಚ್ಚಳ ಸೇರಿ ಒಂದು ಶಾರ್ಟ್ ಸುತ್ತಾಗಿ, ಸೆಕೆಂಡರಿಯಲ್ಲಿ ಏನೂ ತಪ್ಪಿಲ್ಲದಿದ್ದರೂ ಫ್ಯೂಸ್ ಹಾರುತ್ತದೆ. 160 ವಿಎಗೆ ಪ್ರೈಮರಿಯಲ್ಲಿ 1 ಅಥವಾ 1.6 ಆಂಪಿನ ಸ್ಲೋ-ಬ್ಲೋ ಫ್ಯೂಸ್ ಹಾಕಿ.

ಸ್ಪೀಕರ್ ಬಿಚ್ಚಿಟ್ಟು, 100 ವ್ಯಾಟ್ ಬಲ್ಬಿನ ಮೂಲಕವೇ ಮೊದಲ ಸಲ ಆನ್ ಮಾಡಿ. ಬಲ್ಬು ಒಮ್ಮೆ ಮಿಂಚಿ ಮಂದವಾಗಬೇಕು. ಹಾಗೇ ಉರಿಯುತ್ತಿದ್ದರೆ ಆಫ್ ಮಾಡಿ, ಕೆಪಾಸಿಟರುಗಳನ್ನು 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ ಬೋರ್ಡನ್ನು ಮತ್ತೆ ನೋಡಿ. ಮಂದವಾದರೆ ಬಲ್ಬು ತೆಗೆದು, ನೇರವಾಗಿ ಮನೆಯ ಕರೆಂಟಿಗೆ ಜೋಡಿಸಿ, ಎರಡೂ ರೈಲುಗಳನ್ನು ಅಳೆಯಿರಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 50 ಮಿಲಿವೋಲ್ಟ್ ಒಳಗಿದ್ದರೆ ಸ್ಪೀಕರ್ ಜೋಡಿಸಿ. ಒಂದು ಗಂಟೆ ಹಾಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ಕೋರನ್ನು ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಅಂಗಡಿಗೆ ವಾಪಸ್ ಕೊಡಿ.