ಹಳೆಯ ಚಿತ್ರಗಳಲ್ಲಿ ಶಾಟ್ ಮತ್ತು ಕಟ್‌ಗಳನ್ನು ಓದುವ ಕ್ರಮ

ಹಳೆಯ ಶ್ರೇಷ್ಠ ಚಿತ್ರವೊಂದನ್ನು ಅಭ್ಯಾಸಕ್ಕೆಂದು ನೋಡುವವರು ಮೊದಲ ಸಲ ಕಥೆಗಾಗಿಯೇ ನೋಡಿ ಮುಗಿಸಬೇಕು. ಎರಡನೆಯ ಸಲ ಐದಾರು ನಿಮಿಷದ ಒಂದೇ ದೃಶ್ಯವನ್ನು ಆರಿಸಿಕೊಂಡು, ಧ್ವನಿಯನ್ನು ಪೂರ್ತಿ ಅಡಗಿಸಿ, ಒಂದು ಶಾಟ್ (ಕ್ಯಾಮೆರಾ ತಡೆಯಿಲ್ಲದೆ ಹಿಡಿದ ತುಣುಕು) ಮುಗಿದು ಮತ್ತೊಂದು ಶುರುವಾಗುವ ಕಡೆಗಳಲ್ಲೆಲ್ಲ ವಹಿಯಲ್ಲಿ ಗೆರೆ ಎಳೆಯುತ್ತ ಹೋಗಬೇಕು. ಪ್ರತಿ ಗೆರೆಯ ಮುಂದೆ, ಆ ಕಟ್, ಅಂದರೆ ಶಾಟ್ ಬದಲಾವಣೆ, ಇರದಿದ್ದರೆ ತಮಗೆ ಯಾವುದು ತಿಳಿಯುತ್ತಿರಲಿಲ್ಲ ಎಂಬುದನ್ನು ಬರೆದುಕೊಳ್ಳಬೇಕು.

ಅರ್ಥ ಶಾಟ್‌ನ ಒಳಗಷ್ಟೇ ಇರುವುದಿಲ್ಲ, ಎರಡು ಶಾಟ್‌ಗಳು ಕೂಡುವಲ್ಲಿಯೂ ಹುಟ್ಟುತ್ತದೆ ಎಂಬುದನ್ನು ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಒಬ್ಬ ನಟನ ಒಂದೇ ಮುಖಭಾವವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದರು. ಇದನ್ನು ಕಲಬುರಗಿಯಲ್ಲಿಯೇ ಮೊಬೈಲ್‌ನಿಂದ ಮಾಡಿ ನೋಡಬಹುದು. ಗೆಳೆಯರೊಬ್ಬರನ್ನು ನೆರಳಲ್ಲಿ ಕೂರಿಸಿ, ಏನನ್ನೂ ನಟಿಸಬೇಡಿರೆಂದು ಹೇಳಿ, ಹತ್ತು ಸೆಕೆಂಡು ಕ್ಲೋಸಪ್ ತೆಗೆಯಬೇಕು. ಬಳಿಕ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ ತಾಟನ್ನೂ, ಬಸ್ ನಿಲ್ದಾಣದಿಂದ ದೂರವಾಗುವ ಬಸ್ಸಿನ ಹಿಂಬದಿಯನ್ನೂ ಪ್ರತ್ಯೇಕವಾಗಿ ಹಿಡಿದು, ಅದೇ ಮುಖದೊಂದಿಗೆ ಎರಡು ತುಣುಕುಗಳಾಗಿ ಜೋಡಿಸಬೇಕು. ವಿಷಯ ಗೊತ್ತಿಲ್ಲದ ಇಬ್ಬರಿಗೆ ಒಂದೊಂದನ್ನು ತೋರಿಸಿದರೆ ಒಬ್ಬರು ಹಸಿವನ್ನೂ ಇನ್ನೊಬ್ಬರು ಅಗಲಿಕೆಯನ್ನೂ ಕಾಣುವುದು ಬಹುಮಟ್ಟಿಗೆ ಖಚಿತ. ನಟನೆಯ ಹೊಗಳಿಕೆ ಮಾತ್ರ ಏನೂ ಮಾಡದ ಗೆಳೆಯರಿಗೆ ಸಲ್ಲುತ್ತದೆ.

ಕತ್ತರಿಸದಿರುವುದೂ ಒಂದು ನಿರ್ಧಾರವೇ. ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ತಾಯಿ ಮಗನನ್ನು ಪರರ ವಶಕ್ಕೆ ಒಪ್ಪಿಸುವ ಕಾಗದಕ್ಕೆ ಸಹಿ ಮಾಡಲು ಕೂತಾಗ, ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಮೇಜಿನ ಬಳಿಯ ಹಿರಿಯರನ್ನೂ ದೂರದ ಕಿಟಕಿಯಾಚೆ ಹಿಮದಲ್ಲಿ ಆಡುತ್ತಿರುವ ಹುಡುಗನನ್ನೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಇಟ್ಟಿದ್ದಾರೆ. ಹುಡುಗನ ಕಡೆಗೊಮ್ಮೆ, ಸಹಿಯ ಕಡೆಗೊಮ್ಮೆ ಕಟ್ ಮಾಡಿದ್ದರೆ ಅವೆರಡು ಸಂಗತಿಗಳಾಗುತ್ತಿದ್ದವು. ಇಲ್ಲಿ ತನ್ನ ಬಾಳು ತೀರ್ಮಾನವಾಗುತ್ತಿರುವುದರ ಅರಿವಿಲ್ಲದ ಮಗು ಆ ಮಾತುಕತೆಯ ನಡುವೆಯೇ ಸಿಕ್ಕಿಕೊಂಡಿದೆ.

ಕ್ಯಾಮೆರಾವನ್ನು ಕೆಳಗಿನಿಂದ ಹಿಡಿದರೆ ಅಧಿಕಾರ, ಮೇಲಿನಿಂದ ಹಿಡಿದರೆ ದೈನ್ಯ ಎಂಬ ಸೂತ್ರವನ್ನು ಅತಿಯಾಗಿ ನಂಬಬಾರದು. ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರಿನ ಬುಡದಲ್ಲಿ ಕೂತು ಕ್ಯಾಮೆರಾ ಎತ್ತಿದರೆ ಯಾರ ಕೈಯಲ್ಲಾದರೂ ಭವ್ಯ ಶಾಟ್ ಬರುತ್ತದೆ. ಅದರ ಹಿಂದುಮುಂದಿನ ಶಾಟ್‌ಗಳನ್ನು ನೋಡದೆ ಅದಕ್ಕೆ ಅರ್ಥ ಹೇಳಲಾಗದು.

ಮೂರನೆಯ ಸಲ ಧ್ವನಿಯೊಡನೆ ನೋಡುವುದನ್ನು ಬಿಡಬಾರದು. ‘ಪಥೇರ್ ಪಾಂಚಾಲಿ’ಯಲ್ಲಿ (1955) ಮಗಳ ಸಾವಿನ ಸುದ್ದಿ ತಂದೆಗೆ ತಿಳಿಯುವಾಗ ತಾಯಿಯ ಅಳು ಕೇಳಿಸದೆ, ಅದರ ಜಾಗದಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯವಾದ ತಾರ್ ಶೆಹನಾಯಿಯ ಸ್ವರ ಏರುತ್ತದೆ, ಸದ್ದಡಗಿಸಿ ನೋಡಿದವರಿಗೆ ಈ ನಿರ್ಧಾರ ಕಾಣುವುದೇ ಇಲ್ಲ.