ಕಬ್ಬು, ಬೇವು, ಹುಣಸೆ ದಾಟಿ ತೋಟದ ಮನೆಗೆ ಇಂಟರ್ನೆಟ್

ಮುಧೋಳ ಸೀಮೆಯಲ್ಲಿ ಊರೊಳಗಿನ ಫೈಬರ್ ಸಂಪರ್ಕವನ್ನು ರೇಡಿಯೋ ಮೂಲಕ ತೋಟದ ಮನೆಗೆ ಒಯ್ದಾಗ ಬರುವ ದೂರು ಒಂದೇ: "ಮಳಿ ಬಂತಂದ್ರ ನೆಟ್ ಹೊಕ್ಕೈತ್ರಿ." ತಪ್ಪು ಮಳೆಯದಲ್ಲ. ಈ ರೇಡಿಯೋಗಳು ಬಳಸುವ 5.8 ಗಿಗಾಹರ್ಟ್ಸ್ ಆವರ್ತನದಲ್ಲಿ ಮೂರು ಕಿಲೋಮೀಟರಿಗೆ ಜೋರು ಮಳೆ ತಿನ್ನುವುದು ಹೆಚ್ಚೆಂದರೆ ಒಂದೆರಡು ಡೆಸಿಬೆಲ್ (ಸಿಗ್ನಲ್ ಬಲದ ಏರಿಳಿತದ ಅಳತೆ; ಮೂರು ಇಳಿದರೆ ಬಲ ಅರ್ಧ). ನೆನೆದ ಎಲೆ ನುಂಗುವುದು ಅದರ ಹತ್ತು ಪಟ್ಟು. ಬೇವು ಎಲೆ ಉದುರಿಸಿ ನಿಂತ ಮಾರ್ಚ್‌ನಲ್ಲಿ ಅಳೆದು ಕಂಬ ನಿಲ್ಲಿಸಿದವರು ಜುಲೈನಲ್ಲಿ ಮತ್ತೆ ಏಣಿ ಹತ್ತಬೇಕಾಗುತ್ತದೆ.

ರಾತ್ರಿ ಆಚೆ ತುದಿಯ ಬ್ಯಾಟರಿ ಬೆಳಕು ಕಂಡರೆ ದಾರಿ ತೆರವಿದೆ ಅಂದುಕೊಳ್ಳಬೇಡಿ. ರೇಡಿಯೋ ತರಂಗ ದಾರದಂತೆ ಸಾಗುವುದಿಲ್ಲ, ನಡುವೆ ಸೌತೆಕಾಯಿಯಂತೆ ಉಬ್ಬುತ್ತದೆ. ಮೂರು ಕಿಲೋಮೀಟರಿನ ನಟ್ಟನಡುವೆ ಆ ಉಬ್ಬಿನ ತ್ರಿಜ್ಯ 6.2 ಮೀಟರ್. ಅದರ ಶೇ. 60, ಅಂದರೆ 12 ಅಡಿ, ಖಾಲಿ ಇರಲೇಬೇಕು. ಬೆಳೆದ ಕಬ್ಬು 12 ಅಡಿ ಎಂದಿಟ್ಟುಕೊಂಡರೆ ಎರಡು ರೇಡಿಯೋಗಳ ನಡುವಿನ ನೇರ ಗೆರೆ ನೆಲದಿಂದ 24 ಅಡಿ ಮೇಲೆ ಹಾಯಬೇಕು. ಹಾಗಾಗಿ ನಾವು ಎರಡೂ ಕಡೆ 30 ಅಡಿ ಜಿಐ ಪೈಪ್ ನಿಲ್ಲಿಸುತ್ತೇವೆ.

ಮರ ಎಲ್ಲಿದೆ ಅನ್ನುವುದೇ ಮುಖ್ಯ. ಕಂಬದಿಂದ 50 ಮೀಟರಿನಲ್ಲಿ ಹುಣಸೆಮರ ಇದ್ದರೆ ಅಲ್ಲಿ ಬೇಕಾದ ತೆರವು ಕೇವಲ ಒಂದು ಮೀಟರ್. ಗೆರೆ ಕೊಂಬೆಯ ಅಂಚಿನಿಂದ ಅಷ್ಟು ಹೊರಗೆ ಬರುವಂತೆ ಕಂಬವನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಅದೇ ಮರ ನಡುದಾರಿಯಲ್ಲಿದ್ದರೆ ಎತ್ತರಿಸಿ ಗೆಲ್ಲುವುದು ಕಷ್ಟ. ಪಂಚಾಯಿತಿಯ ಅನುಮತಿ ಪಡೆದು ನೀರಿನ ಟ್ಯಾಂಕ್ ಮೇಲೆ ಎರಡು ರೇಡಿಯೋ ಕೂರಿಸಿ, ಬೇರೆ ಬೇರೆ ಚಾನೆಲ್ ಕೊಟ್ಟು, ಸುತ್ತಿ ಬಳಸಿ ಹೋಗುವುದೇ ಅಗ್ಗ. 2.4 ಗಿಗಾಹರ್ಟ್ಸ್ ಎಲೆಯೊಳಗೆ ಸ್ವಲ್ಪ ಚೆನ್ನಾಗಿ ತೂರುತ್ತದೆ ನಿಜ. ಆದರೆ ಊರಿನ ಮನೆಮನೆಯ ವೈಫೈ ಗದ್ದಲ ಅಲ್ಲೇ ಇದೆ, ಉಬ್ಬೂ ದೊಡ್ಡದು.

23 ಡಿಬಿಐ (ಡಿಶ್ ಸಿಗ್ನಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಬಲ) ಡಿಶ್‌ಗೆ 13 ಡಿಬಿಎಂ (ರೇಡಿಯೋ ಶಕ್ತಿಯ ಅಳತೆ) ಪವರ್ ಕೊಟ್ಟರೆ ಒಟ್ಟು 36 ಡಿಬಿಎಂ ಆಗುತ್ತದೆ. ಪರವಾನಗಿ ಬೇಡದ 5725-5875 ಮೆಗಾಹರ್ಟ್ಸ್‌ನಲ್ಲಿ ಮಿತಿಯೇ ಅಷ್ಟು. ಅಂಥದೇ ಡಿಶ್ ಇರುವ ಆಚೆ ತುದಿಯಲ್ಲಿ, ತೆರೆದ ದಾರಿಯಾದರೆ, ಮೂರು ಕಿಲೋಮೀಟರಿಗೆ ಸಿಗ್ನಲ್ ಸುಮಾರು ಮೈನಸ್ 58 ಡಿಬಿಎಂ ಬರಬೇಕು; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ಮೈನಸ್ 75 ಬಂದರೆ ಒಂದೋ ಮರ ಅಡ್ಡ ಇದೆ, ಇಲ್ಲವೇ ಡಿಶ್ ತನ್ನ ಮುಖ್ಯ ಕಿರಣ ಬಿಟ್ಟು ಪಕ್ಕದ ಸಣ್ಣ ಕಿರಣದ ಶಿಖರದ ಮೇಲೆ ಕೂತಿದೆ. ಒಂದು ತುದಿ ಬಿಗಿದು, ಇನ್ನೊಂದನ್ನು ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ, ಪ್ರತಿ ಎರಡು ಡಿಗ್ರಿಗೆ ಐದು ಸೆಕೆಂಡ್ ನಿಂತು ನೋಡಿ. ಆಮೇಲೆ ಮೇಲೆ-ಕೆಳಗೆ. ಎರಡು ಚೈನ್‌ಗಳ (ರೇಡಿಯೋ ಬೇರೆ ಬೇರೆಯಾಗಿ ತೋರಿಸುವ ಎರಡು ಸಿಗ್ನಲ್ ದಾರಿಗಳು) ನಡುವೆ ಮೂರು ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ನನ್ನ ಮೊದಲ ಅನುಮಾನ ಎಲೆಯ ಮೇಲೆ.

ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. 40ಕ್ಕಿಂತ ಗದ್ದಲ ಮೂರು ಡೆಸಿಬೆಲ್ ಕಡಿಮೆ. ತೋಟಕ್ಕೆ ಅದರ ವೇಗವೇ ಧಾರಾಳ.

ಕಂಬವನ್ನು ಹಿಡಿದು ನಿಲ್ಲಿಸುವ ಗೈ ತಂತಿಯನ್ನು ಮೂರು ದಿಕ್ಕಿಗೆ, ಎರಡು ಎತ್ತರದಲ್ಲಿ, ಬುಡದಿಂದ 18-20 ಅಡಿ ದೂರಕ್ಕೆ ಎಳೆದು ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು) ಹಾಕಿ. ಈ ಡಿಶ್‌ನ ಕಿರಣ ಹತ್ತು ಡಿಗ್ರಿಯಷ್ಟೇ. ಆಷಾಢದ ಗಾಳಿಗೆ ಪೈಪ್ ಐದು ಡಿಗ್ರಿ ತಿರುಚಿದರೂ ಸಿಗ್ನಲ್ ಅರ್ಧಕ್ಕಿಳಿಯುತ್ತದೆ. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುನ್ನ ಕೆಳಕ್ಕೊಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ.