ಅಚ್ಚಾಗದ ಬರಹವನ್ನು ಉಲ್ಲೇಖಿಸುವುದು ಹೇಗೆ?

ಸಿಂಧನೂರು ಕಡೆಯ ಸಂಶೋಧನಾ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಭತ್ತದ ಗದ್ದೆಗಳ ಸವಳು ಮಣ್ಣಿನ ಮೇಲೆ ಬರೆದ ಅವನ ಲೇಖನವನ್ನು ಜರ್ನಲ್‌ನವರು ವಿಮರ್ಶಕರ ಕೈಗೂ ಕೊಡದೆ ವಾಪಸ್ ಕಳಿಸಿದ್ದರು. ತಕರಾರು ಮಣ್ಣಿನದಲ್ಲ, ಉಲ್ಲೇಖಪಟ್ಟಿಯದು. 41 ಉಲ್ಲೇಖಗಳ ಪೈಕಿ ಆರು ಎಲ್ಲೂ ಅಚ್ಚಾಗಿರಲಿಲ್ಲ. ಆರಕ್ಕೂ ಅಚ್ಚಾದ ಲೇಖನದ ವೇಷ ತೊಡಿಸಿದ್ದ. ರಾಯಚೂರಿನಲ್ಲಿ ಇಂಥ ಕರಡುಗಳನ್ನು ತಿದ್ದುತ್ತ ವರ್ಷಗಳೇ ಕಳೆದವು, ಎಲ್ಲರೂ ಎಡವುವುದು ಅದೇ ಕಲ್ಲಿಗೆ.

ಮೊದಲ ಹೆಜ್ಜೆ ಸುಲಭ. ಜರ್ನಲ್‌ನ ‘ಲೇಖಕರಿಗೆ ಸೂಚನೆಗಳು’ ಪುಟ ತೆರೆದು ಪ್ರಿಪ್ರಿಂಟ್ (ವಿಮರ್ಶೆಗೆ ಮೊದಲೇ ಲೇಖಕರು ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ಪ್ರತಿ), ಅಪ್ರಕಟಿತ ಎಂಬ ಎರಡು ಪದಗಳಿಗಾಗಿ ಹುಡುಕಿ. ಐದು ನಿಮಿಷ ಸಾಕು. ‘ಪ್ರಿಪ್ರಿಂಟ್ ಮುಟ್ಟಲೇಬೇಡ’ ಎನ್ನುವ ಹಿರಿಯರ ಮಾತು ಹಳೆಯದಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೇ 2017ರಲ್ಲಿ ಅನುದಾನದ ಅರ್ಜಿಗಳಲ್ಲಿ ಪ್ರಿಪ್ರಿಂಟ್ ಉಲ್ಲೇಖಿಸಲು ಒಪ್ಪಿತು. ಆದರೂ ನಿಮ್ಮ ಜರ್ನಲ್ ಬೇಡ ಎಂದರೆ ಬೇಡ. ಅಲ್ಲಿ ವಾದಕ್ಕೆ ಜಾಗವಿಲ್ಲ.

ಎರಡನೆಯ ಹೆಜ್ಜೆಯಲ್ಲೇ ಎಲ್ಲರೂ ಬೀಳುವುದು. ಕೈಯಲ್ಲಿರುವ ಬರಹ ಯಾವ ಸ್ಥಿತಿಯಲ್ಲಿದೆ ಎಂದು ತೀರ್ಮಾನಿಸಬೇಕು. ‘ಇನ್ ಪ್ರೆಸ್’ ಎಂದರೆ ಸ್ವೀಕೃತವಾಗಿದೆ, ಅಚ್ಚಾಗುವುದಷ್ಟೇ ಬಾಕಿ ಎಂದರ್ಥ. ಕಳಿಸಿದ್ದೇವೆ, ಉತ್ತರ ಬಂದಿಲ್ಲ ಎನ್ನುವುದು ಇನ್ ಪ್ರೆಸ್ ಅಲ್ಲ. ಈ ಹುಡುಗ ತನ್ನ ಮಾರ್ಗದರ್ಶಕರ ಲೇಖನಕ್ಕೆ ಹಾಗೆ ಬರೆದು, ಮುಂದೆ ಒಂದು ದೊಡ್ಡ ಜರ್ನಲ್‌ನ ಹೆಸರನ್ನೂ ಸೇರಿಸಿದ್ದ. ಮೂರು ತಿಂಗಳ ಹಿಂದೆಯೇ ಆ ಜರ್ನಲ್ ಅದನ್ನು ತಿರಸ್ಕರಿಸಿತ್ತು! ಸ್ವೀಕೃತಿಯ ಪತ್ರವನ್ನು ಕಣ್ಣಾರೆ ಕಾಣದೆ ಯಾರ ಲೇಖನಕ್ಕೂ, ನಿಮ್ಮ ಗುರುಗಳದ್ದಾದರೂ ಸರಿ, ಇನ್ ಪ್ರೆಸ್ ಎಂದು ಬರೆಯಬೇಡಿ.

ಬರೀ ಕಳಿಸಿದ ಲೇಖನಕ್ಕೆ ನಿಯಮ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ (ಎಪಿಎ) ಶೈಲಿಯಲ್ಲಿ ಅದನ್ನು ‘ಪ್ರಕಟಣೆಗೆ ಸಲ್ಲಿಸಿದ ಹಸ್ತಪ್ರತಿ’ ಎಂದು ಪಟ್ಟಿಯಲ್ಲಿ ಕೊಡಬಹುದು, ಆದರೆ ಯಾವ ಜರ್ನಲ್‌ಗೆ ಎಂದು ಹೇಳುವಂತಿಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸು ಬೇರೆ: ಅದು ಪಠ್ಯದೊಳಗೆ ‘ಅಪ್ರಕಟಿತ ಅವಲೋಕನ’ ಎಂದು ಬರಬೇಕು, ಬರೆದವರ ಲಿಖಿತ ಒಪ್ಪಿಗೆಯೂ ಬೇಕು. ಬಳ್ಳಾರಿಯ ವೈದ್ಯಕೀಯ ವಿದ್ಯಾರ್ಥಿ ಕೃಷಿಯ ಗೆಳೆಯನ ಪಟ್ಟಿಯನ್ನು ನಕಲು ಮಾಡಿದರೆ ಕೆಡುವುದು ಇಲ್ಲಿಯೇ.

ಫೋನಿನಲ್ಲೋ ಹೊಲದ ಬದುವಿನಲ್ಲೋ ಯಾರಾದರೂ ಹೇಳಿದ ಅಂಕಿ ‘ವೈಯಕ್ತಿಕ ಸಂವಹನ’. ಅದಕ್ಕೆ ಉಲ್ಲೇಖಪಟ್ಟಿಯಲ್ಲಿ ಜಾಗವಿಲ್ಲ. ಹೇಳಿದವರ ಹೆಸರು, ದಿನಾಂಕ ಪಠ್ಯದೊಳಗೇ ಆವರಣದಲ್ಲಿ ಬರಬೇಕು. ಹೇಳಿದವರಿಗೆ ವಾಕ್ಯವನ್ನು ಇಮೇಲ್ ಮಾಡಿ ‘ಇದು ಸರಿಯೇ, ಬಳಸಲೇ’ ಎಂದು ಕೇಳಿ. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಅಧಿಕಾರಿಯೊಬ್ಬರು ಹೇಳಿದ್ದೆಂದು ಹುಡುಗ ಬರೆದುಕೊಂಡ ವಿದ್ಯುತ್ ವಾಹಕತೆ (ಮಣ್ಣಿನ ಉಪ್ಪಿನ ಅಳತೆ) ಮೀಟರಿಗೆ 8.4 ಡೆಸಿಸೀಮನ್ಸ್, ಇಮೇಲ್‌ನಲ್ಲಿ ಬಂದ ಉತ್ತರ 4.8. ಸವಳಿನ ಗೆರೆ 4 ಎಂದಿರುವಾಗ ಎರಡರ ನಡುವಿನ ಅಂತರವನ್ನು ನೀವೇ ಅಳೆಯಿರಿ.

ಪಿಎಚ್‌ಡಿ ಪ್ರಬಂಧವನ್ನು ಪ್ರಬಂಧವೆಂದೇ ಬರೆದು ಪ್ರಬಂಧಗಳ ಜಾಲಭಂಡಾರಗಳಾದ ಶೋಧಗಂಗಾ ಅಥವಾ ಕೃಷಿಕೋಶದ ಕೊಂಡಿ ಕೊಡಿ, ಅಷ್ಟೇ.

ಇನ್ನು ಪ್ರಿಪ್ರಿಂಟ್. ಭೌತವಿಜ್ಞಾನಿಗಳ ಪ್ರಿಪ್ರಿಂಟ್ ತಾಣ ಆರ್ಕೈವ್ 1991ರಲ್ಲೇ ಶುರುವಾಯಿತು. ಜೀವವಿಜ್ಞಾನದ ಬಯೋಆರ್ಕೈವ್ 2013ರಲ್ಲಿ, ವೈದ್ಯಕೀಯದ ಮೆಡ್‌ಆರ್ಕೈವ್ 2019ರಲ್ಲಿ. ಉಲ್ಲೇಖಿಸುವ ದಿನ ಆ ಪುಟವನ್ನು ಮತ್ತೆ ತೆರೆಯಿರಿ. ಲೇಖನ ಆಮೇಲೆ ಜರ್ನಲ್‌ನಲ್ಲಿ ಬಂದಿದ್ದರೆ ಸಾಮಾನ್ಯವಾಗಿ ಅಲ್ಲಿಯೇ ಕೊಂಡಿ ಇರುತ್ತದೆ. ಆಗ ಅಚ್ಚಾದದ್ದನ್ನು ಓದಿ, ಅದನ್ನೇ ಉಲ್ಲೇಖಿಸಿ. ಶೀರ್ಷಿಕೆ ಬದಲಾಗಿದ್ದರೆ ಕೊಂಡಿ ತಪ್ಪಿಹೋಗುವುದುಂಟು, ಆದ್ದರಿಂದ ಲೇಖಕರ ಹೆಸರಿನಿಂದಲೂ ಒಮ್ಮೆ ಹುಡುಕಿ. ಹಿಂಪಡೆದದ್ದೂ ಅದೇ ಪುಟದಲ್ಲಿ ಕಾಣುತ್ತದೆ. ಕೊರೊನಾ ವೈರಸ್‌ನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂದು 2020ರ ಜನವರಿ ಕೊನೆಗೆ ಬಯೋಆರ್ಕೈವ್‌ನಲ್ಲಿ ಬಂದ ಪ್ರಿಪ್ರಿಂಟನ್ನು ಲೇಖಕರೇ ಕೆಲವೇ ದಿನಗಳಲ್ಲಿ ಹಿಂಪಡೆದರು. ನೀವು ಅಂದೇ ಇಳಿಸಿಕೊಂಡ ಪಿಡಿಎಫ್‌ಗೆ ಅದು ಗೊತ್ತಿರುವುದಿಲ್ಲ.

ಬರೆಯುವಾಗ ಲೇಖಕರು, ವರ್ಷ, ಶೀರ್ಷಿಕೆ, ತಾಣದ ಹೆಸರು, ‘ಪ್ರಿಪ್ರಿಂಟ್’ ಎಂಬ ಪದ, ಡಿಒಐ (ಲೇಖನದ ಕಾಯಂ ಜಾಲಗುರುತು) ಇಷ್ಟೂ ಇರಲಿ. ಆವೃತ್ತಿಯ ಸಂಖ್ಯೆಯನ್ನೂ ಸೇರಿಸಿ ಎಂಬುದು ನನ್ನ ಹಟ, ಜರ್ನಲ್ ಕೇಳದಿದ್ದರೂ. ಬಯೋಆರ್ಕೈವ್‌ನಲ್ಲಿ ಎಲ್ಲ ಆವೃತ್ತಿಗಳಿಗೂ ಡಿಒಐ ಒಂದೇ. ನೀವು ಓದಿದ ಮೊದಲ ಆವೃತ್ತಿಯ ಕೋಷ್ಟಕ ಮೂರನೆಯದರಲ್ಲಿ ಮಾಯವಾಗಿರಬಹುದು.

ಒಳದಾರಿಗಳ ಬಗ್ಗೆ ಒಂದು ಮಾತು. ಹುಡುಕುತಾಣಗಳ ಉಲ್ಲೇಖದ ಗುಂಡಿ ಒತ್ತಿದರೆ ಲೇಖನ ಅಚ್ಚಾಗಿ ವರ್ಷಗಳಾದರೂ ಹಳೆಯ ಪ್ರಿಪ್ರಿಂಟನ್ನೇ ಕೊಡುವುದುಂಟು. ಚಾಟ್ ತಂತ್ರಾಂಶಗಳಿಂದ ಪಟ್ಟಿ ಮಾಡಿಸುವುದಂತೂ ಬೇಡವೇ ಬೇಡ. ಹುಡುಗನ ಆರರಲ್ಲಿ ಒಂದು ಲೇಖನ ಪ್ರಪಂಚದಲ್ಲೇ ಇರಲಿಲ್ಲ. ಪುಟಕ್ಕಿಷ್ಟು ಎಂದು ಪಟ್ಟಿ ಜೋಡಿಸಿಕೊಡುವ ಡಿಟಿಪಿ ಅಂಗಡಿಗಳವರು ಅಲ್ಪವಿರಾಮ ನೋಡುತ್ತಾರೆ, ಡಿಒಐ ಒತ್ತಿ ನೋಡುವುದಿಲ್ಲ. ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದನ್ನು ಕಲಿಯಿರಿ. ಆದರೆ ಅದರಲ್ಲೂ ಪ್ರಿಪ್ರಿಂಟ್ ಎಂಬ ಬಗೆಯನ್ನು ನೀವೇ ಪರಿಶೀಲಿಸಬೇಕು.

ಕೊನೆಗೆ, ಪ್ರೂಫ್ ಬಂದ ದಿನ ಪ್ರಿಪ್ರಿಂಟ್‌ಗಳನ್ನಷ್ಟೇ ಮತ್ತೊಮ್ಮೆ ತೆರೆದು ನೋಡಿ. ನಮ್ಮ ಹುಡುಗ ಬೇರೆ ಜರ್ನಲ್‌ಗೆ ಕಳಿಸಿದಾಗ ಪ್ರಿಪ್ರಿಂಟ್ ಎಂದು ಬರೆದದ್ದು ಎರಡು. ಪ್ರೂಫ್ ಬರುವ ಹೊತ್ತಿಗೆ ಒಂದು ಅಚ್ಚಾಗಿತ್ತು, ಬದಲಾಯಿಸಿ ಕಳಿಸಿದೆವು.